ದೂರದ ಬೆಟ್ಟ ಮತ್ತು ಕೈಗಡಿಯಾರ



ಅಹಮದಾಬಾದಿನಲ್ಲಿ ಗುಲ್ಬಾಯಿ ಟೇಕರಾ ಎಂಬ ಬಡಾವಣೆ ಇರುವುದು ನಿಮಗೆ ಗೊತ್ತು. ಗುಜರಾತಿಯಲ್ಲಿ ಟೇಕರಾ ಎಂದರೆ ದಿಬ್ಬ. ತೀರ್ಥಹಳ್ಳಿ ಕಡೆಯಿಂದಲೋ ಮಡಿಕೇರಿ ಕಡೆಯಿಂದಲೋ ಹೊಸದಾಗಿ ಬಂದವರು ಹೆಸರು ಕೇಳಿ ಗುಡ್ಡ ಹುಡುಕುತ್ತ ಹೋದರೆ ನಿರಾಸೆಯೇ ಗತಿ. ನಮ್ಮ ಮೂರೂ ಊರುಗಳು ಅಂಗೈಯಷ್ಟು ಸಪಾಟು. ಅಹಮದಾಬಾದ್ ಸಮುದ್ರಮಟ್ಟದಿಂದ ಸುಮಾರು 50 ಮೀಟರ್, ವಡೋದರಾ 40ರ ಆಸುಪಾಸು, ಸೂರತ್ ಅಂತೂ ಅದಕ್ಕೂ ಕೆಳಗೆ. ಇಂಥ ಊರಲ್ಲಿ ಓಡುವುದನ್ನು ಕಲಿತವರು ಘಾಟಿಯ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟರೆ ಏನಾಗುತ್ತದೆ? ಇವತ್ತು ಅದನ್ನೇ ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಹಾಫ್ ಮ್ಯಾರಥಾನ್ ಎಂದರೆ 21.0975 ಕಿಲೋಮೀಟರ್. ಓಡುವವರಿಗೆಲ್ಲ ಒಂದು ಹುಚ್ಚು ಇರುತ್ತದೆ. ಅದರ ಹೆಸರು 'ಪರ್ಸನಲ್ ಬೆಸ್ಟ್'. ಬೇರೆಯವರನ್ನು ಸೋಲಿಸುವ ಮಾತಲ್ಲ ಇದು. ಹೋದ ಸಲದ ನನಗಿಂತ ಈ ಸಲದ ನಾನು ಒಂದು ನಿಮಿಷವಾದರೂ ಬೇಗ ಮುಟ್ಟಬೇಕು, ಅಷ್ಟೇ. ಒಳ್ಳೆಯ ಹುಚ್ಚೇ. ಆದರೆ ಇದನ್ನು ಬಯಲಿನಿಂದ ಬೆಟ್ಟಕ್ಕೆ ಹಾಗೇ ಹೊತ್ತುಕೊಂಡು ಹೋದರೆ ಕಷ್ಟ. ನಾನು ಹಾಗೆ ಹೊತ್ತುಕೊಂಡು ಹೋದವನು, ಆದ್ದರಿಂದ ಹೇಳುತ್ತಿದ್ದೇನೆ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಡಾಕ್ಟರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, 'ಸಕ್ಕರೆ ಗಡಿಯಲ್ಲಿದೆ, ಇನ್ನು ಕೂತರೆ ದಾಟುತ್ತದೆ' ಎಂದರು. ಸಾಬರ್ಮತಿ ದಂಡೆಯಲ್ಲಿ ನಡೆಯಲು ಶುರು ಮಾಡಿದೆ, ಆಮೇಲೆ ಓಡಲು. ಎರಡು ವರ್ಷಕ್ಕೆ ವಡೋದರಾದ ಸಪಾಟು ರಸ್ತೆಯಲ್ಲಿ ಹಾಫ್ ಮ್ಯಾರಥಾನನ್ನು 1 ಗಂಟೆ 58 ನಿಮಿಷದಲ್ಲಿ ಮುಗಿಸಿದೆ. ಆ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟೆ.

ಮುಂದಿನದು ಸಾತಾರಾ. ಸಾತಾರಾ ನಮಗೆ ಹೊಸ ಊರಲ್ಲ. ಅಹಮದಾಬಾದಿನಿಂದ ವಡೋದರಾ ಹಾದು, ಸೂರತ್ ಪಕ್ಕದಲ್ಲಿ ಇಳಿದು, ಮುಂಬಯಿ, ಪುಣೆ, ಕೊಲ್ಹಾಪುರ, ಬೆಳಗಾವಿ ದಾಟಿ ನಮ್ಮನ್ನು ಊರಿಗೆ ಮುಟ್ಟಿಸುವ ರಾಷ್ಟ್ರೀಯ ಹೆದ್ದಾರಿ 48ರ ಮೇಲೇ ಇದೆ. ರಜೆಗೆ ಕಾರಿನಲ್ಲಿ ಹೋಗುವವರು ಅಲ್ಲಿ ಚಹಾ ಕುಡಿದಿರುತ್ತೀರಿ. ಅಲ್ಲಿ 2012ರಿಂದ ಮಳೆಗಾಲದಲ್ಲಿ ಬೆಟ್ಟದ ಹಾಫ್ ಮ್ಯಾರಥಾನ್ ನಡೆಯುತ್ತ ಬಂದಿದೆ. ಊರಿನಿಂದ ಹೊರಟು ಯವತೇಶ್ವರ ಘಾಟಿ ಹತ್ತಿ, ಕಾಸ್ ಪ್ರಸ್ಥಭೂಮಿಯ ಕಡೆಗೆ ಹೋಗಿ, ಬಂದ ದಾರಿಯಲ್ಲೇ ತಿರುಗಿ ಇಳಿಯಬೇಕು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಬಂಡೆಯಿಂದ ಸುರಿಯುವ ನೀರು, ಮುಖಕ್ಕೆ ಮಂಜು. ನಮ್ಮ ಘಟ್ಟಗಳನ್ನು ಕಂಡವರಿಗೆ ತವರಿಗೆ ಬಂದಂತೆಯೇ.

ನಾನು ಮಾಡಿದ ಲೆಕ್ಕ ಹೀಗಿತ್ತು. ಹತ್ತುವಾಗ ಸ್ವಲ್ಪ ತಡವಾಗುತ್ತದೆ, ಇಳಿಯುವಾಗ ಅಷ್ಟೇ ಬೇಗ ಬರುತ್ತೇನೆ, ಅಲ್ಲಿಗಲ್ಲಿಗೆ ಸರಿಯಾಯಿತು. ಹತ್ತುವಾಗ ತಡವೂ ಆಗಬಾರದೆಂದು ಗಡಿಯಾರ ನೋಡುತ್ತ ಬಯಲಿನ ವೇಗವನ್ನೇ ಎಳೆದೆ. 1 ಗಂಟೆ 6 ನಿಮಿಷಕ್ಕೆ ತಿರುವು ಮುಟ್ಟಿದೆ. ಇನ್ನೇನು, ಇಳಿಜಾರು ತಾನೇ ಎಂದು ಕಾಲು ಬಿಟ್ಟು ಓಡಿದೆ. ನಾಲ್ಕು ಕಿಲೋಮೀಟರ್ ಸ್ವರ್ಗ. ಆಮೇಲೆ ತೊಡೆಯ ಮುಂಭಾಗ ನಡುಗಲು ತೊಡಗಿತು. ಮೊಣಕಾಲು ಮಡಿಸಲು ಹೆದರಿಕೆ. ಘಾಟಿಯ ಕಟ್ಟೆ ಹಿಡಿದು ಹಿಡಿದು ನಡೆದೆ. ಇಳಿಯಲು 1 ಗಂಟೆ 23 ನಿಮಿಷ. ಅಂದರೆ ಹತ್ತಿದ್ದಕ್ಕಿಂತ ಇಳಿದದ್ದಕ್ಕೇ 17 ನಿಮಿಷ ಹೆಚ್ಚು! ಒಟ್ಟು 2 ಗಂಟೆ 29 ನಿಮಿಷ.

ಮನೆಗೆ ಬಂದಾಗ ಮಗ ಕ್ಯಾಲೆಂಡರ್ ನೋಡಿ ಕೇಳಿದ: 'ಅಪ್ಪಾ, ನಿಧಾನ ಆಗಿಬಿಟ್ಟೆಯಲ್ಲ?' ಮಗುವಿನ ಪ್ರಶ್ನೆ ನನ್ನೊಳಗೆ ಹೊಕ್ಕಿತು. ಎರಡು ವರ್ಷದ ಬೆವರು ನೀರಿಗೆ ಹೋಯಿತು, ನನ್ನ ವಯಸ್ಸು ಮುಗಿಯಿತು ಎಂದುಕೊಂಡು ಮೂರು ತಿಂಗಳು ಬೂಟು ಹಾಕಲಿಲ್ಲ. ಮುಂದಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಮತ್ತೆ ಏರಿತ್ತು.

ಶ್ರೋತೃಗಳೇ, ನಾನು ಎಡವಿದ್ದು ಎರಡು ಕಡೆ. ಓಡಿದ ರೀತಿ ತಪ್ಪು. ಅದಕ್ಕಿಂತ ದೊಡ್ಡದು ಹೋಲಿಸಿದ ರೀತಿಯ ತಪ್ಪು. ಮೊದಲನೆಯದರಿಂದ ನಾಲ್ಕು ದಿನ ಕಾಲು ನೋಯುತ್ತದೆ. ಎರಡನೆಯದು ಓಟವನ್ನೇ ನಿಲ್ಲಿಸಿಬಿಡುತ್ತದೆ.

ಹೋಲಿಕೆಯ ಮಾತು ಮೊದಲು. 2011ರ ಏಪ್ರಿಲಿನಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿದರು. ಆಗಿನ ವಿಶ್ವದಾಖಲೆಗಿಂತ 57 ಸೆಕೆಂಡು ಬೇಗ. ಆದರೂ ಅದು ವಿಶ್ವದಾಖಲೆ ಆಗಲಿಲ್ಲ. ಯಾಕೆಂದರೆ ದಾಖಲೆಗೆ ರಸ್ತೆಯ ನಿಯಮ ಇದೆ. ಆರಂಭದಿಂದ ಮುಕ್ತಾಯಕ್ಕೆ ಒಟ್ಟು ಇಳಿತ ಕಿಲೋಮೀಟರಿಗೆ 1 ಮೀಟರ್ ಮೀರಬಾರದು. ಆರಂಭ ಮತ್ತು ಮುಕ್ತಾಯದ ನಡುವಣ ನೇರ ಅಂತರ ಓಟದ ದೂರದ ಅರ್ಧಕ್ಕಿಂತ ಹೆಚ್ಚಿರಬಾರದು. ಬಾಸ್ಟನ್ ರಸ್ತೆ ಈ ಎರಡಕ್ಕೂ ಹೊಂದುವುದಿಲ್ಲ. ಜಗತ್ತಿನ ಅತಿ ವೇಗದ ಓಟಗಾರರಿಗೇ 'ಈ ರಸ್ತೆಯ ಸಮಯ ಬೇರೆ, ಆ ರಸ್ತೆಯ ಸಮಯ ಬೇರೆ' ಎಂದು ಹೇಳುವಾಗ, ವಡೋದರಾದ ಅಂಕಿಯನ್ನು ಸಾತಾರಾದ ಘಾಟಿಯ ಪಕ್ಕ ಇಟ್ಟು ಅಳಲು ನಾನು ಯಾರು?

ನಮ್ಮ ಗುಜರಾತಿನಲ್ಲೇ ಇದಕ್ಕಿಂತ ಒಳ್ಳೆಯ ಪಾಠ ಇದೆ. ಜುನಾಗಢದ ಗಿರ್ನಾರ್ ಬೆಟ್ಟದಲ್ಲಿ ಚಳಿಗಾಲದಲ್ಲಿ ಹತ್ತಿ ಇಳಿಯುವ ಸ್ಪರ್ಧೆ ನಡೆಯುತ್ತದೆ. ಪುರುಷರು ಅಂಬಾಜಿ ಗುಡಿಯವರೆಗೆ ಸುಮಾರು 5,500 ಮೆಟ್ಟಿಲು, ಮಹಿಳೆಯರು ಮಾಲಿ ಪರಬ್ ತನಕ 2,200 ಮೆಟ್ಟಿಲು ಹತ್ತಿ ಮತ್ತೆ ಕೆಳಗಿಳಿಯುತ್ತಾರೆ. ಅಲ್ಲಿ ಗೆದ್ದವರ ಸಮಯವನ್ನು ಯಾರೂ ರಿವರ್‌ಫ್ರಂಟಿನ ಸಮಯದ ಜೊತೆ ತೂಗುವುದಿಲ್ಲ. ಗಿರ್ನಾರಿನ ದಾಖಲೆ ಗಿರ್ನಾರಿಗೆ. ಆ ಮೆಟ್ಟಿಲಿನ ಮೇಲೆ ಹಿಂದೆ ಓಡಿದವರ ಜೊತೆ ಮಾತ್ರ ಹೋಲಿಕೆ.

ಈಗ ಓಡುವ ರೀತಿ. ಹತ್ತುವಾಗ ಕಳೆದದ್ದು ಇಳಿಯುವಾಗ ವಾಪಸ್ ಬರುತ್ತದೆಯೇ? ಗುಜರಾತಿನಲ್ಲಿ ಇದ್ದುಕೊಂಡು ನಾವು ಜಮಾ-ಖರ್ಚು ತಪ್ಪಬಾರದಲ್ಲ! 2002ರಲ್ಲಿ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಇದನ್ನು ಅಳೆದು ಪ್ರಕಟಿಸಿದರು. ಅವರ ಸೂತ್ರವನ್ನು ರೂಪಾಯಿಗೆ ಇಳಿಸಿ ಹೇಳುತ್ತೇನೆ. ಸಪಾಟು ನೆಲದಲ್ಲಿ ಒಂದು ಕಿಲೋಮೀಟರಿಗೆ ನಿಮ್ಮ ಮೈಯ ಶಕ್ತಿ 100 ರೂಪಾಯಿ ಖರ್ಚಾಗುತ್ತದೆ ಎನ್ನಿ. ನೂರು ಮೀಟರಿಗೆ 10 ಮೀಟರ್ ಏರುವ ದಾರಿಯಲ್ಲಿ ಅದೇ ಕಿಲೋಮೀಟರಿಗೆ ಸುಮಾರು 165 ರೂಪಾಯಿ. ಅಷ್ಟೇ ಕಡಿದಾದ ಇಳಿಜಾರಿನಲ್ಲಿ 60. ಹತ್ತಿ ಇಳಿದರೆ 225, ಬಯಲಿನಲ್ಲಾದರೆ 200. ಅಂದರೆ 65 ಕೊಟ್ಟು 40 ವಾಪಸ್ ಪಡೆದಿರಿ. ಬೆಟ್ಟ ಸಾಲಗಾರನಿದ್ದಂತೆ, ಕೊಟ್ಟದ್ದನ್ನು ಪೂರ್ತಿ ಹಿಂದಿರುಗಿಸುವುದಿಲ್ಲ.

ಇನ್ನೊಂದು ಗುಟ್ಟು ತೊಡೆಯಲ್ಲಿದೆ. ಇಳಿಯುವಾಗ ಉಸಿರು ಹಗುರ, ಆದರೆ ತೊಡೆಯ ಸ್ನಾಯು ಪ್ರತಿ ಹೆಜ್ಜೆಗೂ ಬ್ರೇಕಿನ ಕೆಲಸ ಮಾಡುತ್ತದೆ. ಹಿಗ್ಗುತ್ತಲೇ ಬಿಗಿ ಹಿಡಿಯಬೇಕು. ಹೀಗೆ ದುಡಿದ ಸ್ನಾಯುವಿನಲ್ಲಿ ಸಣ್ಣಸಣ್ಣ ಗಾಯಗಳಾಗಿ ಮರುದಿನ, ಮೂರನೆಯ ದಿನ ನೋವು ಜೋರಾಗುತ್ತದೆ. ಸಂತೋಷದ ಸಂಗತಿ ಏನೆಂದರೆ, ಒಂದು ಸಲ ಮಿತವಾಗಿ ಇಳಿಜಾರು ಓಡಿ ಸುಧಾರಿಸಿಕೊಂಡ ಕಾಲು ಮುಂದಿನ ಕೆಲವು ವಾರ ಅದೇ ಪೆಟ್ಟನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಬೆಟ್ಟದ ಓಟಕ್ಕೆ ಹತ್ತುವುದನ್ನು ಮಾತ್ರ ಅಭ್ಯಾಸ ಮಾಡಿದರೆ ಸಾಲದು, ಇಳಿಯುವುದನ್ನೂ ಕಲಿಯಬೇಕು.

'ಎಲ್ಲಿ ಕಲಿಯೋಣ, ಗುಡ್ಡವೇ ಇಲ್ಲವಲ್ಲ' ಎನ್ನುತ್ತೀರಿ. ಅಹಮದಾಬಾದಿನವರಿಗೆ ನದಿಯ ದಂಡೆಯ ಮೆಟ್ಟಿಲುಗಳಿವೆ. ವಾರಕ್ಕೊಮ್ಮೆ ಒಂದು ನಿಮಿಷ ಹತ್ತುವುದು, ನಡೆದು ಇಳಿಯುವುದು, ಹೀಗೆ ಆರೆಂಟು ಸಲ. ಸೂರತ್ತಿನವರಿಗೆ ತಾಪಿಯ ಮೇಲಿನ ಸೇತುವೆಗಳ ಏರು ಸಾಕು, ಕಾಲುದಾರಿ ಇರುವ ಕಡೆ ಮಾತ್ರ ಓಡಿ. ಬೆಳಗಿನ ಕತ್ತಲಲ್ಲಿ ಗಾಡಿಗಳ ನಡುವೆ ಫ್ಲೈಓವರ್ ಹತ್ತಬೇಡಿ. ಜನವರಿಯಲ್ಲಿ ಅಹಮದಾಬಾದಿನಲ್ಲಿ ಸೂರ್ಯ ಹುಟ್ಟುವಾಗ ಏಳೂಕಾಲು ದಾಟಿರುತ್ತದೆ, ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯದು. ಜಿಮ್ಮಿಗೆ ಹೋಗುವವರು ಟ್ರೆಡ್‌ಮಿಲ್ಲನ್ನು ನಾಲ್ಕೈದು ಶೇಕಡಾ ಏರಿಸಿ ಮೂರು ಮೂರು ನಿಮಿಷ ಓಡಬಹುದು. ವಡೋದರಾದವರು ಪುಣ್ಯವಂತರು. ಸುಮಾರು 50 ಕಿಲೋಮೀಟರ್ ದೂರದಲ್ಲಿ ಪಾವಾಗಢ ಇದೆ, ಚಾಂಪಾನೇರದ ಜೊತೆ ಸೇರಿ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೆಟ್ಟ. ಜಾತ್ರೆ, ಹಬ್ಬದ ದಿನ ಬಿಟ್ಟು ಹೋಗಿ, ಕಾಳಿಕಾ ಮಾತೆಯ ಮೆಟ್ಟಿಲು ಭಕ್ತರಿಗೆ ಮೊದಲು, ಓಟಗಾರರಿಗೆ ಆಮೇಲೆ. ರಜೆಗೆ ಮೈಸೂರಿಗೆ ಹೋದರೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಬಿಡಬೇಡಿ.

ದಕ್ಷಿಣಕ್ಕೆ ಡಾಂಗ್ ಜಿಲ್ಲೆ, ಸಾಪುತಾರಾದ ಘಾಟಿ. ಆ ಕಾಡುಗುಡ್ಡಗಳ ಜಿಲ್ಲೆಯಿಂದಲೇ ಸರಿತಾ ಗಾಯಕವಾಡ್ ಬಂದದ್ದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ಡಾಂಗಿನ ಸರಿತಾ ಜೊತೆಗೆ ನಮ್ಮ ಕರ್ನಾಟಕದ ಎಂ. ಆರ್. ಪೂವಮ್ಮ ಕೂಡ ಇದ್ದರು. ನಮ್ಮ ಮಕ್ಕಳಿಗೆ ಹೇಳಲೇಬೇಕಾದ ಮಾತು ಇದು.

ಓಟದ ದಿನ ನೆನಪಿಡಬೇಕಾದ್ದು ಸ್ವಲ್ಪವೇ. ಏರಿನಲ್ಲಿ ವೇಗ ನೋಡಬೇಡಿ, ಉಸಿರು ನೋಡಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಲು ಬಂದರೆ ಸರಿ, ಬಾರದಿದ್ದರೆ ನಿಧಾನಿಸಿ, ಬೇಕಾದರೆ ನಡೆಯಿರಿ. ಹೆಜ್ಜೆ ಚಿಕ್ಕದಿರಲಿ, ಕಣ್ಣು ಹತ್ತು ಮೀಟರ್ ಮುಂದಿರಲಿ. ಇಳಿಯುವಾಗ ಹಿಂದಕ್ಕೆ ವಾಲಿ ಹಿಮ್ಮಡಿ ಊರಿ ತಡೆಯಬೇಡಿ. ಪುಟ್ಟ, ಬಿರುಸಾದ ಹೆಜ್ಜೆ ಹಾಕಿ, ಮೊಣಕಾಲು ಸ್ವಲ್ಪ ಬಾಗಿರಲಿ. ಮೊದಲ ಮೂರ್ನಾಲ್ಕು ಕಿಲೋಮೀಟರ್ ಆಸೆಯನ್ನು ಹಿಡಿದಿಟ್ಟುಕೊಳ್ಳಿ. ಕಡಿದಾದ ಇಳಿಜಾರಿನ ಅಭ್ಯಾಸ ಓಟಕ್ಕೆ ಎರಡು ವಾರ ಮೊದಲೇ ಮುಗಿದಿರಲಿ. ನಲವತ್ತು ದಾಟಿದವರು, ಸಕ್ಕರೆ, ರಕ್ತದೊತ್ತಡ ಇರುವವರು ಡಾಕ್ಟರನ್ನು ಕಂಡೇ ಹೆಸರು ಕೊಡಿ. ಎದೆ ಬಿಗಿದರೆ, ತಲೆ ತಿರುಗಿದರೆ ನಿಲ್ಲಿ, ಸಹಾಯ ಕೇಳಿ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ನಾನು ಮತ್ತೆ ಬೂಟು ಕಟ್ಟಿದೆ. ಹತ್ತು ವಾರ ಮೆಟ್ಟಿಲು, ನಾಲ್ಕು ಭಾನುವಾರ ಪಾವಾಗಢ. ಮರುವರ್ಷ ಅದೇ ಸಾತಾರಾ, ಅದೇ ಘಾಟಿ. ಹತ್ತಲು 1 ಗಂಟೆ 14 ನಿಮಿಷ ತೆಗೆದುಕೊಂಡೆ, ಹಿಂದಿನ ಸಲಕ್ಕಿಂತ 8 ನಿಮಿಷ ತಡವಾಗಿ. ಎಷ್ಟೋ ಜನ ನನ್ನನ್ನು ದಾಟಿ ಹೋದರು, ಹೋಗಲಿ ಎಂದು ಬಿಟ್ಟೆ. ಇಳಿಯಲು 1 ಗಂಟೆ 2 ನಿಮಿಷ. ಹಿಂದಿನ ವರ್ಷ ಕೈಯಲ್ಲಿ ಹಿಡಿದು ನಡೆದಿದ್ದ ಕಟ್ಟೆಯ ಪಕ್ಕ ಈ ಸಲ ಓಡುತ್ತಲೇ ಬಂದೆ. ಒಟ್ಟು 2 ಗಂಟೆ 16 ನಿಮಿಷ. ಹೋದ ವರ್ಷಕ್ಕಿಂತ 13 ನಿಮಿಷ ಬೇಗ, ವಡೋದರಾಕ್ಕಿಂತ 18 ನಿಮಿಷ ತಡ. ಎರಡೂ ನಿಜವೇ.

'ದೂರದ ಬೆಟ್ಟ ನುಣ್ಣಗೆ' ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಹತ್ತಿರ ಹೋದ ಮೇಲೆ ಅದರ ಕಲ್ಲುಮುಳ್ಳಿಗೆ ತಕ್ಕ ಅಳತೆಗೋಲು ಬೇಕು. ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎರಡು ಕಲಂ ಇವೆ. ಒಂದರ ಮೇಲೆ 'ಬಯಲು', ಇನ್ನೊಂದರ ಮೇಲೆ 'ಬೆಟ್ಟ'. ಗೆರೆ ಎಳೆದದ್ದು ಮಗನೇ. ಮೂರನೆಯದಾಗಿ ನನ್ನವಳು ಕೆಳಗೆ ಒಂದು ಸಾಲು ಸೇರಿಸಿದ್ದಾಳೆ, 'ಸಕ್ಕರೆ' ಎಂದು. ಆ ಸಾಲಿನ ಅಂಕಿ ಮತ್ತೆ ಗಡಿಯೊಳಗೆ ಬಂದಿದೆ. ನಿಜ ಹೇಳಬೇಕೆಂದರೆ ನಾನು ಈಗ ಮೊದಲು ನೋಡುವುದು ಅದನ್ನೇ.

ಈ ವರ್ಷ ಬೆಟ್ಟದ ಓಟಕ್ಕೆ ಹೆಸರು ಕೊಡುವ ಯೋಚನೆ ನಿಮಗಿದ್ದರೆ ಖಂಡಿತ ಕೊಡಿ. ಮೊದಲ ಸಲ ಬಂದ ಸಮಯ ಎಷ್ಟೇ ಇರಲಿ, ಅದನ್ನು ಬೆಟ್ಟದ ಕಲಮಿನ ಮೊದಲ ಅಂಕಿ ಎಂದು ಬರೆದಿಡಿ. ಮರುವರ್ಷ ನೀವು ಸೋಲಿಸಬೇಕಾದ್ದು ಅದನ್ನು ಮಾತ್ರ.