ಮಡಿಲಲ್ಲಿ ತೆರೆಯಬೇಕಾದ ಪುಸ್ತಕ



ಮಕ್ಕಳ ಶಿಕ್ಷಣದ ಕುರಿತು ನಮ್ಮಲ್ಲಿ ಇಂದು ಸಾಕಷ್ಟು ಎಚ್ಚರ ಮೂಡಿದೆ. ಸಾಲ ಮಾಡಿಯಾದರೂ ಒಳ್ಳೆಯ ಶಾಲೆಗೆ ಸೇರಿಸುತ್ತೇವೆ. ಬೆಳಿಗ್ಗೆ ಮದ್ರಸಕ್ಕೆ, ಸಂಜೆ ಟ್ಯೂಷನ್‌ಗೆ ಕಳುಹಿಸುತ್ತೇವೆ. ಆದರೆ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲು ನಾವು ಅದರ ಪಕ್ಕದಲ್ಲಿ ಕುಳಿತು ಎಷ್ಟು ಪುಸ್ತಕ ಓದಿ ಹೇಳಿದ್ದೇವೆ? ಈ ಪ್ರಶ್ನೆಗೆ ನಮ್ಮ ಅನೇಕ ಮನೆಗಳಲ್ಲಿ ಉತ್ತರವಿಲ್ಲ.

ಓದಿ ಹೇಳುವುದೆಂದರೆ ಅಕ್ಷರಾಭ್ಯಾಸವಲ್ಲ. ಮನೆಯ ಮಾತು ಹೆಚ್ಚಾಗಿ 'ಬಾ, ತಿನ್ನು, ಮಲಗು' ಎಂಬಲ್ಲಿಗೇ ಮುಗಿಯುತ್ತದೆ. ಕಥೆಯಲ್ಲಾದರೋ ನದಿ ಉಕ್ಕುತ್ತದೆ, ಅಳಿಲು ದಾರಿ ತಪ್ಪುತ್ತದೆ. 'ಅಷ್ಟರಲ್ಲಿ', 'ಆದರೂ', 'ಹಾಗಿದ್ದರೆ' ಎಂಬ ಪದಗಳು ಕಿವಿಗೆ ಬೀಳುತ್ತವೆ. ಇವುಗಳ ಪರಿಚಯವೇ ಇಲ್ಲದ ಮಗು ಒಂದನೆಯ ತರಗತಿಯಲ್ಲಿ ಮೌನವಾಗಿ ಕುಳಿತರೆ ಅದನ್ನು ದಡ್ಡನೆಂದು ಕರೆಯುವುದು ಅನ್ಯಾಯವಲ್ಲವೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಎರಡು ಗುಂಪಿನ ಹೆತ್ತವರೂ ಎರಡು ವರ್ಷದ ಆಸುಪಾಸಿನ ತಮ್ಮ ಮಕ್ಕಳಿಗೆ ಓದಿ ಹೇಳುತ್ತಿದ್ದರು. ಒಂದು ಗುಂಪಿಗೆ ಮಾತ್ರ, ಓದುತ್ತಾ ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ಬೆಳೆಸಿ ಹೇಳುವಂತೆ ಸೂಚಿಸಲಾಗಿತ್ತು. ಒಂದು ತಿಂಗಳೊಳಗೆ ಆ ಗುಂಪಿನ ಮಕ್ಕಳು ಮಾತಿನಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಅಧ್ಯಯನ ಸಣ್ಣದು, ನಿಜ. ಆದರೆ 'ನಾಯಿ' ಎಂದ ಮಗುವಿಗೆ 'ಹೌದು, ನಾಯಿ ಓಡುತ್ತಿದೆ, ಎಲ್ಲಿಗೆ?' ಎನ್ನಲು ಯಾವ ಪದವಿ ಬೇಕು? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯಂತೂ ಶೈಶವದಿಂದಲೇ ಓದಿ ಹೇಳಿರೆಂದು 2014ರಲ್ಲಿ ಸಲಹೆ ನೀಡಿತು.

ಯಾವ ಭಾಷೆಯಲ್ಲಿ ಓದಬೇಕು? ನಮ್ಮ ಮನೆಗಳಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ. ಶಾಲೆಯಲ್ಲಿ ಕನ್ನಡ ಇಲ್ಲವೇ ಇಂಗ್ಲಿಷ್. ಇಂಗ್ಲಿಷ್ ಬಾರದ ತಾಯಿ ತನ್ನಿಂದ ಆಗದೆಂದು ಹಿಂಜರಿಯುತ್ತಾಳೆ. ಈ ಹಿಂಜರಿಕೆಗೆ ಕಾರಣವೇ ಇಲ್ಲ. ಕನ್ನಡದ ಸಾಲನ್ನು ಓದಿ, ಚಿತ್ರದ ಕುರಿತು ಮನೆಮಾತಿನಲ್ಲೇ ಹರಟಬಹುದು. ಅಕ್ಷರವೇ ತಿಳಿಯದ ಅಜ್ಜಿಯೂ ಚಿತ್ರ ನೋಡಿ ತನ್ನದೇ ಕಥೆ ಕಟ್ಟಬಲ್ಲಳು. ಮಗುವಿಗೆ ಬೇಕಾದದ್ದು ಅವಳ ಧ್ವನಿ ಮತ್ತು ಗಮನ.

ತಂದೆಯಂದಿರಿಗೂ ಒಂದು ಮಾತು. ಇದು ತಾಯಿಯ ಕೆಲಸವೆಂದು ಜಾರಿಕೊಳ್ಳಬೇಡಿ. ಕೊಲ್ಲಿಯಲ್ಲಿ ದುಡಿಯುವವರು ಅದೇ ಪುಸ್ತಕದ ಇನ್ನೊಂದು ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ವೀಡಿಯೊ ಕರೆಯಲ್ಲಿ ಓದಬಹುದು. ಊರಲ್ಲಿರುವವರು ರಾತ್ರಿ ಊಟದ ಬಳಿಕ 15 ನಿಮಿಷ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟರೆ ಸಾಕು.

ಪುಸ್ತಕ ದುಬಾರಿಯೆಂಬ ನೆಪವೂ ನಿಲ್ಲದು. ನ್ಯಾಷನಲ್ ಬುಕ್ ಟ್ರಸ್ಟ್ ಕಡಿಮೆ ಬೆಲೆಯ ಮಕ್ಕಳ ಪುಸ್ತಕಗಳನ್ನು ಹೊರತಂದಿದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ, ಉರ್ದು ಕಥೆಗಳು ಉಚಿತವಾಗಿವೆ. ಮುದ್ರಿಸಿ ಕೊಟ್ಟರೆ ಇನ್ನೂ ಉತ್ತಮ. ಮಗು ಒಂದೇ ಕಥೆಯನ್ನು ಇಪ್ಪತ್ತು ಸಲ ಕೇಳಿದರೆ ಬೇಸರ ನಮಗೇ ಹೊರತು ಅದಕ್ಕಲ್ಲ. ಇಪ್ಪತ್ತು ಸಲವೂ ಓದೋಣ. ಹಾಳೆ ಹರಿದರೆ ಗದರುವುದು ಬೇಡ. ಅಂಟು ಹಚ್ಚಿ ಮತ್ತೆ ಅದರ ಕೈಗೇ ಕೊಡೋಣ.