ವೈದ್ಯನಿಗೊಂದು ಅಪ್ಪಣೆ, ದವಾಖಾನೆಗೊಂದು ಅಪ್ಪಣೆ

ಕನ್ನಡ ಪಂಡಿತನಿಗೆ ದವಾಖಾನೆಯ ಪರವಾನಗಿಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾವು ಸಂಧಿ ಸಮಾಸ ಕಲಿಸಿದ ಮಕ್ಕಳೇ ಡಾಕ್ಟರಾಗಿ ಬಂದು, "ಸರ್, ಖಾನಾಪುರದಾಗ ಒಂದು ದವಾಖಾನಿ ತೆಗೀಬೇಕಂತ ಮಾಡೇನ್ರಿ. ಸ್ವಂತ ಹೆಸರಿನ್ಯಾಗ ನಡಸ್ಲ್ಯೋ, ಕಂಪನಿ ಮಾಡ್ಲ್ಯೋ?" ಎಂದು ಕೇಳುವ ಕಾಲವಿದು. ಕಾಗದಪತ್ರದ ಅರ್ಥ ಬಿಡಿಸಿ ಹೇಳುವುದು ಊರಿನ ಮಾಸ್ತರನ ಹಳೆಯ ಕೆಲಸವೇ ಅಲ್ಲವೆ?

ದವಾಖಾನೆ, ಪರವಾನಗಿ ಎಂಬ ಮಾತುಗಳು ಪಾರಸಿಯ ದಾರಿಯಿಂದ ಬಂದು ನಮ್ಮ ಕಡೆಯ ಕನ್ನಡದಲ್ಲಿ ಮನೆಮಾತಾದವು. ಮಾತು ಹೊರಗಿನದಾದರೂ ಸಂಗತಿ ನಮ್ಮಲ್ಲಿ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯವನ್ನು ನೋಡಿರಿ. ಶಾಸ್ತ್ರವನ್ನು ಓದಿ, ಅದರ ಅರ್ಥ ತಿಳಿದು, ಚಿಕಿತ್ಸೆಯನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿದವನೂ ಅರಸನ ಅಪ್ಪಣೆ ಪಡೆದೇ ವೃತ್ತಿಗೆ ಇಳಿಯಬೇಕೆಂದು ಅಲ್ಲಿ ಹೇಳಿದೆ. ಉಗುರು ಕತ್ತರಿಸಿರಬೇಕು, ಬಿಳಿಯ ಬಟ್ಟೆ ಉಟ್ಟಿರಬೇಕು, ಕೈಯಲ್ಲಿ ಕೊಡೆ ಇರಬೇಕು ಎಂಬಷ್ಟು ವಿವರವೂ ಉಂಟು. (ಖಾನಾಪುರದ ಮಳೆಗೆ ಕೊಡೆಯ ಮಾತು ಬಹಳ ಸರಿಯಾದದ್ದು!) ಬೆಳಗಾವಿಯು ಮುಂಬಯಿ ಪ್ರಾಂತದಲ್ಲಿದ್ದಾಗ, 1938ರಲ್ಲಿ, ವೈದ್ಯರನ್ನೂ ಹಕೀಮರನ್ನೂ ಸರಕಾರದ ಪಟ್ಟಿಗೆ ಸೇರಿಸುವ ಕಾಯದೆ ಬಂದಿತು.

ಇಂದು ಅರಸನ ಸ್ಥಾನದಲ್ಲಿ ಸರಕಾರವಿದೆ. ಅಪ್ಪಣೆ ಮಾತ್ರ ಒಂದಲ್ಲ, ಎರಡು. ಮೊದಲನೆಯದು ಮನುಷ್ಯನಿಗೆ ಸಂಬಂಧಿಸಿದ್ದು. ಎಂ.ಬಿ.ಬಿ.ಎಸ್. ಆದವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ಆಯುರ್ವೇದದವರು ತಮ್ಮದೇ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಆ ಸಂಖ್ಯೆಯನ್ನು ಡಾಕ್ಟರರು ದವಾಖಾನೆಯಲ್ಲಿ ತೋರಿಸಬೇಕು, ಔಷಧದ ಚೀಟಿಯ ಮೇಲೂ ಬರೆಯಬೇಕು ಎಂದು 2002ರ ವೃತ್ತಿ ನಿಯಮಗಳು ಹೇಳುತ್ತವೆ. ಇದು ಆ ವ್ಯಕ್ತಿಯೊಡನೆ ಬಂದು ಆ ವ್ಯಕ್ತಿಯೊಡನೆಯೇ ಹೋಗುವಂಥದು. ತಂದೆ ನಲವತ್ತು ವರ್ಷ ಹೆಸರು ಗಳಿಸಿದ್ದರೂ ಮಗನಿಗೆ ಮನೆ ಬಂದೀತು, ಕುರ್ಚಿ ಬಂದೀತು, ಈ ಸಂಖ್ಯೆ ಬಾರದು.

ಎರಡನೆಯದು ಸ್ಥಳಕ್ಕೆ ಸಂಬಂಧಿಸಿದ್ದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರಲ್ಲಿ ಆಯಿತು. ನೂರು ಹಾಸಿಗೆಯ ಆಸ್ಪತ್ರೆಯಿರಲಿ, ಒಂದೇ ಮೇಜಿನ ಕೋಣೆಯಿರಲಿ, ರಕ್ತ ತಪಾಸಣೆಯ ಪ್ರಯೋಗಶಾಲೆಯಿರಲಿ, ನೋಂದಣಿ ಇಲ್ಲದೆ ಬಾಗಿಲು ತೆರೆಯಕೂಡದು. ಪ್ರಮಾಣಪತ್ರದ ಅವಧಿ ಐದು ವರ್ಷ. ಜೊತೆಗೆ, ಬಳಸಿದ ಸೂಜಿ, ಹತ್ತಿ, ಬಟ್ಟೆಗಳ ವಿಲೇವಾರಿಗೆ 2016ರ ನಿಯಮದಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಸ್ಕ್ಯಾನಿಂಗ್ ಯಂತ್ರ ಇಡುವುದಾದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯದೆಯ ನೋಂದಣಿಯೂ ಬೇಕು.

ಹಾಗಾದರೆ ಕಂಪನಿಯ ಮಾತೇನು? ಅದು ಅಪ್ಪಣೆಯೇ ಅಲ್ಲ. ಆಸ್ತಿ, ಸಾಲ, ಲಾಭಗಳನ್ನು ಯಾರ ಹೆಸರಿನಲ್ಲಿ ಇಡಬೇಕೆಂಬ ಏರ್ಪಾಡು. ಸ್ವಂತ ಹೆಸರಿನಲ್ಲಿ ನಡೆಸಬಹುದು, 1932ರ ಕಾಯದೆಯಂತೆ ಪಾಲುದಾರಿಕೆ ಮಾಡಬಹುದು. 2013ರ ಕಂಪನಿ ಕಾಯದೆಯಲ್ಲಿ ಒಬ್ಬನೇ ಸದಸ್ಯನ ಕಂಪನಿಗೂ ಎಡೆಯುಂಟು. ಕಂಪನಿ ಮುಳುಗಿದರೆ ಪಾಲು ಹಾಕಿದವನ ಮನೆಮಾರು ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಬ್ಯಾಂಕಿನವರು ಸಾಲ ಕೊಡುವಾಗ ಡಾಕ್ಟರರ ಸ್ವಂತ ಜಾಮೀನು ಕೇಳುವುದುಂಟು. ಸಹಿ ಹಾಕಿದರೆ ಆ ಉಳಿವೂ ಇಲ್ಲ. ಇನ್ನು ಚಿಕಿತ್ಸೆಯಲ್ಲಿ ಅಲಕ್ಷ್ಯವಾಯಿತೆನ್ನಿ. "ಮಾಡಿದ್ದು ನಾನಲ್ಲ, ಕಂಪನಿ" ಎಂದು ಯಾವ ಡಾಕ್ಟರರೂ ನುಣುಚಿಕೊಳ್ಳುವಂತಿಲ್ಲ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯದೆಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಹೇಳಿದೆ.

ಸಂಸ್ಥೆ ಕಟ್ಟುವುದರ ನಿಜವಾದ ಲಾಭ ಬೇರೆ. ಕಟ್ಟಿದವರ ಆಯುಷ್ಯಕ್ಕಿಂತ ಅದರ ಆಯುಷ್ಯ ದೊಡ್ಡದು. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಶಿಕ್ಷಕರು ಒಂದು ಶಾಲೆಗಾಗಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಏಳು ಜನರ ಸ್ವಂತ ಗಂಟಾಗಿದ್ದರೆ ಅದು ಇಷ್ಟು ಬೆಳೆಯುತ್ತಿತ್ತೆ? ಆದರೆ ಖಾನಾಪುರದ ಪೇಟೆಯಲ್ಲಿ ಒಂದು ಮೇಜು, ಎರಡು ಬಾಕು ಹಾಕಿ ಕೂಡುವವರಿಗೆ ಮೊದಲ ದಿನವೇ ಕಂಪನಿ ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ವರ್ಷವರ್ಷದ ಲೆಕ್ಕ ತಪಾಸಣೆಯ ಖರ್ಚೇ ಹೊರೆಯಾದೀತು. ಇಬ್ಬರು ಮೂವರು ಸೇರಿ ಹಾಸಿಗೆ ಹಾಕುವ ದಿನ ಬಂದಾಗ ಯೋಚಿಸಿದರಾಯಿತು.

ಸ್ಥಳದ ನೋಂದಣಿಯ ಬಗೆಗೆ ವಾದವೂ ನಡೆದಿದೆ, ಅದೂ ಬೆಳಗಾವಿಯಲ್ಲಿಯೇ. 2017ರ ನವೆಂಬರದಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಆರೋಗ್ಯ ಮಂತ್ರಿ ಕೆ.ಆರ್. ರಮೇಶಕುಮಾರರ ತಿದ್ದುಪಡಿ ಮಸೂದೆ ಬಂದಾಗ ಖಾಸಗಿ ವೈದ್ಯರು ಇಲ್ಲಿಗೆ ಬಂದು ಪ್ರತಿಭಟಿಸಿದರು. ಅನೇಕ ಊರುಗಳಲ್ಲಿ ಖಾಸಗಿ ಆಸ್ಪತ್ರೆಗಳ ಬಾಗಿಲು ಮುಚ್ಚಿದವು. ಕೆಲವು ಅಂಶ ಸಡಿಲಾಗಿ ಮಸೂದೆ ಅದೇ ಅಧಿವೇಶನದಲ್ಲಿ ಅಂಗೀಕಾರವಾಯಿತು. ವೈದ್ಯರ ಅಳಲಿನಲ್ಲಿ ಹುರುಳಿಲ್ಲವೆನ್ನಲಾರೆ. ದೊಡ್ಡ ಆಸ್ಪತ್ರೆಯಲ್ಲಿ ಅರ್ಜಿ ತುಂಬಲು ಗುಮಾಸ್ತರಿದ್ದಾರೆ. ತಾಲೂಕಿನ ಡಾಕ್ಟರು ರೋಗಿಯನ್ನು ಕೂಡಿಸಿ ತಾನೇ ತುಂಬಬೇಕು. ಭೀಮಗಡದ ಕಾಡಿನ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತರುವುದುಂಟು. ಅಂಥ ಕಡೆ ಓದಿದ ಡಾಕ್ಟರು ಕಾಗದಕ್ಕೆ ಬೇಸತ್ತು ಬೆಳಗಾವಿಗೆ ಹೋದರೆ, ಯಾವ ಕಾಗದವೂ ಇಲ್ಲದೆ ಸೂಜಿ ಚುಚ್ಚುವವನಿಗೆ ಹೆದ್ದಾರಿ ತೆರೆದಂತೆ. ಸಣ್ಣ ದವಾಖಾನೆಗೆ ಅರ್ಜಿಯನ್ನು ಸುಲಭ ಮಾಡಲಿ, ತನಿಖೆಯನ್ನು ಬಿಗಿ ಮಾಡಲಿ ಎಂದು ನನಗನಿಸುತ್ತದೆ.

ಆ ತಿದ್ದುಪಡಿಯಿಂದ ನಿಮ್ಮ ಕೈಗೆ ಬಂದದ್ದೂ ಉಂಟು. ತುರ್ತು ಚಿಕಿತ್ಸೆಗೆ ಮುಂಗಡ ಹಣ ಕಟ್ಟಿರೆಂದು ಹಟ ಹಿಡಿಯುವಂತಿಲ್ಲ. ಬಾಕಿಯ ನೆಪದಲ್ಲಿ ಮೃತದೇಹವನ್ನು ಇಟ್ಟುಕೊಳ್ಳುವಂತಿಲ್ಲ. ದೂರಿದ್ದರೆ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ಬರೆದು ಕೊಡಬಹುದು. ಜಿಲ್ಲಾ ಆರೋಗ್ಯಾಧಿಕಾರಿಗಳು ಅದರ ಕಾರ್ಯದರ್ಶಿ. ಬರೆಯುವಾಗ ದವಾಖಾನೆಯ ನೋಂದಣಿ ಸಂಖ್ಯೆಯನ್ನು ಸೇರಿಸಿರಿ. ಅದನ್ನು ಹೊರಗಿನ ಫಲಕದ ಮೇಲೆಯೇ ಬರೆಯಬೇಕೆಂದು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಫಲಕವಿರಬೇಕೆಂದು 2024ರಲ್ಲಿ ಸರಕಾರ ಆದೇಶಿಸಿದೆ.