ಎರಡು ಬಕೆಟ್ ನೀರು

ಕಾರು ತೊಳೆಯುವ ವಿಷಯವಾಗಿ ಬಾನುಲಿಯಲ್ಲಿ ಮಾತನಾಡುವುದೇ ಎಂದು ಶ್ರೋತೃಗಳಲ್ಲಿ ಕೆಲವರು ಹುಬ್ಬೇರಿಸಬಹುದು. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನ ಬಾಯಿಗೆ ಹಳಗನ್ನಡದ ಛಂದಸ್ಸೋ ವ್ಯಾಕರಣವೋ ಹೆಚ್ಚು ಒಪ್ಪುವ ವಿಷಯವೆಂಬುದು ನನಗೂ ಗೊತ್ತು. ಆದರೆ ಈ ಕಾರು ತೊಳೆಯುವ ಕೆಲಸದಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಿಕೊಳ್ಳಬೇಕಾಗಿದೆ. ಹೇಳುವ ದಾರಿಯಲ್ಲಿ ತೊಳೆಯುವ ಕ್ರಮವೂ ಕೊಂಚ ಬಂದೀತು. ಮನೆಯ ಮುಂದೆ ಕಾರು ನಿಲ್ಲಿಸಿಕೊಂಡಿರುವವರಿಗೆ ಅಷ್ಟರಮಟ್ಟಿಗೆ ಪ್ರಯೋಜನವಾದರೂ ಆಗಲಿ.

ನಾನು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಕಾರಿರಲಿಲ್ಲ, ಎತ್ತುಗಳಿದ್ದವು. ಸಂಕ್ರಾಂತಿಯ ಬೆಳಗ್ಗೆ ಅವುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಿದ್ದರು. ಮೊದಲು ಎತ್ತನ್ನು ನೀರಿನಲ್ಲಿ ಸುಮ್ಮನೆ ನಿಲ್ಲಿಸುವುದು. ಮೈಗೆ ಅಂಟಿದ ಸಗಣಿ, ಕೆಸರು ನೆನೆದು ಬಿಟ್ಟುಕೊಂಡ ಮೇಲೆಯೇ ಹುಲ್ಲಿನ ಹಿಡಿಯಿಂದ ತಿಕ್ಕುವುದು. ಒಣಗಿದ ಮೈಯನ್ನು ತಿಕ್ಕಿದರೆ ಎತ್ತು ಒದೆಯುತ್ತಿತ್ತು. ಕಾರಿಗೆ ಕಾಲಿಲ್ಲ, ಒದೆಯುವುದಿಲ್ಲ. ನಾವು ಮಾಡಿದ್ದನ್ನೆಲ್ಲ ಸಹಿಸಿಕೊಂಡು, ಬಹು ದಿನಗಳ ಮೇಲೆ, ಎಳೆಬಿಸಿಲಿನಲ್ಲಿ ತನ್ನ ಮೈ ತೋರಿಸುತ್ತದೆ.

ನಿವೃತ್ತನಾದ ಮೇಲೆ ಬೆಂಗಳೂರಿನಲ್ಲಿ ನೆಲೆಸಿ ಒಂದು ಕಡುನೀಲಿ ಬಣ್ಣದ ಕಾರನ್ನು ಕೊಂಡೆ. ಕಡುಬಣ್ಣ ನೋಡಲು ಗಂಭೀರ, ಆದರೆ ಏನನ್ನೂ ಮುಚ್ಚಿಡದು. ಬಿಳಿಯ ಕಾರು ಎಷ್ಟೋ ಗೀರುಗಳನ್ನು ನುಂಗಿಕೊಳ್ಳುತ್ತದೆ. ನಮ್ಮ ಬೀದಿಯ ಐದಾರು ಮನೆಗಳ ಕಾರುಗಳನ್ನು ಮುಂಜಾನೆಯೇ ಬಂದು ತೊಳೆದು ಹೋಗುವ ಒಬ್ಬಾತನಿದ್ದ. ಕೈಯಲ್ಲೊಂದು ಬಕೆಟ್, ಹೆಗಲ ಮೇಲೊಂದು ಬಟ್ಟೆ. ನಾನು ಕಾಫಿ ಕುಡಿದು ಪತ್ರಿಕೆ ಬಿಡಿಸುವ ವೇಳೆಗೆ ಆತನ ಕೆಲಸ ಮುಗಿದಿರುತ್ತಿತ್ತು. ನನ್ನ ಮನೆಗೂ ಆತನೇ ಗೊತ್ತಾದ.

2024ರ ಬೇಸಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ಕಾಯುವುದೇ ಕೆಲಸವಾಗಿತ್ತು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿತು. ತಪ್ಪಿದವರಿಗೆ 5,000 ರೂಪಾಯಿ ದಂಡ. ನ್ಯಾಯವಾದ ಆಜ್ಞೆಯೇ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತರಕ್ಕೆ ಏರಿಸಿ ತಂದು, ಅದನ್ನು ಕಾರಿನ ಚಕ್ರದ ಮೇಲೆ ಸುರಿಯುವುದು ಯಾವ ಲೆಕ್ಕಕ್ಕೂ ಸಲ್ಲದು. ಕುತೂಹಲಕ್ಕಾಗಿ ನಮ್ಮ ಮನೆಯ ನಲ್ಲಿಯನ್ನು ಅಳೆದು ನೋಡಿದೆ. ನಿಮಿಷಕ್ಕೆ ಹನ್ನೆರಡು ಲೀಟರಿನಂತೆ ಬರುತ್ತದೆ. ಪೈಪು ಹಿಡಿದು ಕಾಲು ಗಂಟೆ ನಿಂತರೆ 180 ಲೀಟರು ಮೋರಿಗೆ ಹೋಯಿತು.

ಆಜ್ಞೆ ಬಂದ ಮರುದಿನವೇ ಆತನಿಗೆ, ಮಳೆ ಬರುವವರೆಗೆ ಬರುವುದು ಬೇಡವೆಂದೆ. “ಒಂದು ಬಕೆಟ್ ಸಾಕು ಮೇಷ್ಟ್ರೇ, ತರಕಾರಿ ತೊಳೆದ ನೀರಾದ್ರೂ ಸರಿ” ಎಂದು ಆತ ಅಂಗಲಾಚಿದ. ಕಾನೂನಿಗೆ ತಲೆಬಾಗುವ ಉತ್ಸಾಹದಲ್ಲಿ ಅದಕ್ಕೂ ಒಪ್ಪದೆ ಹೋದೆ. ಆದರೆ ಧೂಳು ಮುಸುಕಿದ ಕಾರನ್ನು ನೋಡುತ್ತ ಕೂರಲೂ ಮನಸ್ಸು ಬಾರದು. ಹಳೆಯ ಪಂಚೆಯ ಒಂದು ತುಂಡನ್ನು ತೆಗೆದುಕೊಂಡು, ದಿನವೂ ಸಂಜೆ ವಾಯುವಿಹಾರಕ್ಕೆ ಹೊರಡುವ ಮುನ್ನ ಕಾರನ್ನು ಒಣಬಟ್ಟೆಯಲ್ಲಿ ಒರೆಸತೊಡಗಿದೆ. ನೀರು ಉಳಿಸಿದ ಹೆಮ್ಮೆ, ಕೈಗೆ ವ್ಯಾಯಾಮ; ಎರಡೂ ಆಯಿತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಆತ ಮತ್ತೆ ಬರತೊಡಗಿದ. ನನ್ನ ಸಂಜೆಯ ಒರೆಸಾಟವೂ ಅಭ್ಯಾಸಬಲದಿಂದ ನಿಲ್ಲದೆ ನಡೆಯಿತು.

ಆ ವರ್ಷದ ಆಯುಧಪೂಜೆ ಅಕ್ಟೋಬರ್ 11ರಂದು. ಬಾಳೆಕಂದು, ಚೆಂಡುಹೂವಿನ ಸರ, ಚಕ್ರದ ಕೆಳಗಿಡುವ ನಿಂಬೆಹಣ್ಣು ಎಲ್ಲ ಸಿದ್ಧವಾಗಿದ್ದವು. ಕುಂಕುಮ ಇಡಲೆಂದು ಬಾನೆಟ್ಟಿನ ಮುಂದೆ ಬಾಗಿದೆ. ಓರೆಬಿಸಿಲು ಅದರ ಮೇಲೆ ಬಿದ್ದಿತ್ತು. ಸೂರ್ಯನ ಬಿಂಬದ ಸುತ್ತ ಜೇಡರಬಲೆಯಂತೆ, ಬಳೆಯೊಳಗೆ ಬಳೆ ಇಟ್ಟಂತೆ, ನೂರಾರು ಸಣ್ಣ ಗೀರುಗಳು! ಎದೆ ಧಸಕ್ಕೆಂದಿತು. ಬಳೆಯಾಕಾರದ ಗೀರು ಎಂದ ಮೇಲೆ ಇದು ಕೈ ಸುತ್ತಿಸಿ ಸುತ್ತಿಸಿ ಉಜ್ಜಿದವನ ಕೆಲಸವೇ ಸರಿ. ನಾನು ಒರೆಸುವುದು ಮೇಲಿನಿಂದ ಕೆಳಕ್ಕೆ, ನೇರವಾಗಿ. ಆದ್ದರಿಂದ ಅಪರಾಧಿ ಆತ. ತರ್ಕ ನನಗೆ ಎಷ್ಟು ಸೊಗಸಾಗಿ ಕಂಡಿತೆಂದರೆ ಹಬ್ಬ ಕಳೆಯುವವರೆಗೂ ಕಾಯಲಿಲ್ಲ. ಅಂದೇ ಆತನನ್ನು ಕರೆದು ತೋರಿಸಿದೆ. “ನಾನು ಒದ್ದೆ ಬಟ್ಟೆ ಬಿಟ್ಟು ಬೇರೇನೂ ಹಾಕಿಲ್ಲ ಮೇಷ್ಟ್ರೇ” ಎಂದಷ್ಟೇ ಹೇಳಿದ. ಇನ್ನು ಬರಬೇಡವೆಂದೆ. ಆ ತಿಂಗಳು ದುಡಿದ ಹತ್ತು ದಿನಗಳ ಹಣವನ್ನೂ ಕೊಡಲಿಲ್ಲ. ಹಬ್ಬದ ದಿನ ಬೀದಿಯವರೆಲ್ಲ ನೋಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಕಾರನ್ನು ಬಣ್ಣ ಹಚ್ಚುವ ಒಂದು ಕಾರ್ಖಾನೆಗೆ ಒಯ್ದೆ. ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಸಾವಧಾನವಾಗಿ ನೋಡಿ, ನನಗೆ ಪಾಠ ಹೇಳಿದರು. ಕಾರಿನ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಲೇಪ. ಅದನ್ನು ಅವರು ಕ್ಲಿಯರ್ ಕೋಟ್ ಎನ್ನುತ್ತಾರೆ. ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್. ನಮ್ಮ ತಲೆಗೂದಲಿಗಿಂತ ತೆಳುವು. ನಾವು ನೋಡಿ ಮರುಳಾಗುವ ಹೊಳಪೆಲ್ಲ ಅದರದೇ. ಬೀದಿಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಬೇಕಾದಷ್ಟಿರುತ್ತದೆ. ಅದು ಈ ಲೇಪಕ್ಕಿಂತ ಎಷ್ಟೋ ಪಾಲು ಗಟ್ಟಿ. ಧೂಳು ತನ್ನಷ್ಟಕ್ಕೆ ಕುಳಿತಿದ್ದರೆ ಕೇಡಿಲ್ಲ. ಬಟ್ಟೆಯಿಂದ ಒತ್ತಿ ಎಳೆದಾಗ ಅದೇ ಉಪ್ಪುಕಾಗದವಾಗುತ್ತದೆ. ಪಾಲಿಶ್ ಮಾಡಿದರೆ ಗೀರು ಹೋಗುತ್ತದಲ್ಲ ಎಂದೆ. ಹೋಗುತ್ತದೆ, ಗೀರಿನ ಆಳದವರೆಗೆ ಸುತ್ತಲಿನ ಲೇಪವನ್ನೂ ಸವೆಸಿದರೆ ಹೋಗುತ್ತದೆ ಎಂದು ನಕ್ಕರು.

ನನ್ನ ಬಳೆಯ ತರ್ಕವನ್ನು ಮುಂದಿಟ್ಟೆ. ಅವರು ಉತ್ತರ ಹೇಳದೆ, ಒಂದು ದೀಪವನ್ನು ಹಿಡಿದು ಬಾನೆಟ್ಟಿನ ಮೇಲೆ ಅತ್ತಿತ್ತ ಆಡಿಸಿದರು. ದೀಪ ಸರಿದಂತೆ ಬಳೆಗಳೂ ಸರಿದವು! ಗೀರುಗಳು ನಿಜವಾಗಿ ನೇರವಾಗಿಯೇ, ಹತ್ತೂ ದಿಕ್ಕಿಗೆ ಹರಿದಿರುತ್ತವೆ. ಬೆಳಕಿನ ಬಿಂಬಕ್ಕೆ ಅಡ್ಡಲಾಗಿ ಮಲಗಿದವು ಮಾತ್ರ ಆ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುತ್ತವೆ, ಮಿಕ್ಕವು ಕಾಣಿಸವು. ಹೀಗೆ ಸುತ್ತಲೂ ಅಡ್ಡಬಿದ್ದ ಗೀರುಗಳೆಲ್ಲ ಸೇರಿ ಬಳೆಯಂತೆ ತೋರುತ್ತವೆ. ಬಹಳ ದಿನ ಬಳಸಿದ ಸ್ಟೀಲಿನ ತಟ್ಟೆಯನ್ನು ದೀಪದ ಕೆಳಗೆ ಹಿಡಿದು ನೀವೇ ನೋಡಬಹುದು. ನಾನು ಯಾವುದನ್ನು ಸಾಕ್ಷಿಯೆಂದು ಹಿಡಿದು ತೀರ್ಪು ಕೊಟ್ಟಿದ್ದೆನೋ ಆ ಬಳೆ ಕಾರಿನ ಮೇಲೆ ಇರಲೇ ಇಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ಸರಳವಾದದ್ದು. ಬಾನೆಟ್ಟು, ಡಿಕ್ಕಿ, ಬಾಗಿಲುಗಳ ಮೇಲೆಲ್ಲ ದಟ್ಟವಾಗಿರುವ ಗೀರು ಚಾವಣಿಯ ಮೇಲೆ ಮಾತ್ರ ಏಕೆ ಇಷ್ಟು ವಿರಳ? ನನ್ನ ಬಲತೋಳು ಹೆಗಲಿಗಿಂತ ಮೇಲೇಳದೆ ಕೆಲವು ವರ್ಷಗಳಾದವು. ಚಾವಣಿಯನ್ನು ನಾನು ಎಂದೂ ಒರೆಸಿದವನಲ್ಲ. ಆತ ಸ್ಟೂಲು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಅದನ್ನು ದಿನವೂ ಒರೆಸುತ್ತಿದ್ದ. ನನ್ನ ಕೈ ಎಲ್ಲಿಯವರೆಗೆ ಎಟಕುತ್ತದೆಯೋ ಅಲ್ಲಿಯವರೆಗೆ ಗೀರು ಇತ್ತು.

ಗ್ರಂಥಸಂಪಾದನೆಯ ತರಗತಿಯಲ್ಲಿ ವರ್ಷವರ್ಷವೂ ನಾನು ಒಂದು ಮಾತು ಹೇಳುತ್ತಿದ್ದೆ: ಓಲೆಯಲ್ಲಿ ತಪ್ಪು ಕಂಡಾಗ ಲಿಪಿಕಾರನನ್ನು ಬೈಯುವ ಮೊದಲು, ಓದುತ್ತಿರುವ ನಾವೇ ತಪ್ಪಿದ್ದೇವೆಯೋ ಎಂದು ನೋಡಿಕೊಳ್ಳಿ. ಕಾರ್ಖಾನೆಯಿಂದ ಹಿಂದಿರುಗುವಾಗ ಅದು ನೆನಪಾಗಿ, ಹಳೆಯ ವಿದ್ಯಾರ್ಥಿಗಳು ಯಾರಾದರೂ ಎದುರಾದರೆ ಗತಿಯೇನು ಎಂದುಕೊಂಡೆ.

ಅಂದಿನಿಂದ ನಾನೇ ತೊಳೆಯತೊಡಗಿದೆ. ಆ ಹಿರಿಯರು ಹೇಳಿಕೊಟ್ಟ ಕ್ರಮ ಇದು. ಬಿಸಿಲು ಏರುವ ಮುನ್ನ, ಎಂಜಿನ್ ಆರಿ ತಗಡು ತಣ್ಣಗಿರುವಾಗ ತೊಡಗಬೇಕು. ಕಾದ ತಗಡಿನ ಮೇಲೆ ನೀರು ಕ್ಷಣದಲ್ಲಿ ಆರಿ ಬಿಳಿಯ ಚುಕ್ಕಿಗಳನ್ನು ಉಳಿಸುತ್ತದೆ. ಕೊಳವೆಬಾವಿಯ ಗಡಸುನೀರಾದರಂತೂ ಸುಣ್ಣ ಎರಚಿದಂತೆಯೇ. ಮೊದಲು ಕೈ ತಾಗಿಸದೆ, ಚೊಂಬಿನಿಂದ ಮೇಲಿನಿಂದ ಕೆಳಕ್ಕೆ ನೀರು ಹುಯ್ಯುತ್ತ ಬರಬೇಕು. ಸಡಿಲವಾದ ಮಣ್ಣೆಲ್ಲ ಆಗಲೇ ಇಳಿದುಹೋಗುತ್ತದೆ. ನಮ್ಮ ಕೆರೆಯ ಎತ್ತಿನ ನ್ಯಾಯವೇ! ಅನಂತರ ಎರಡು ಬಕೆಟ್‌ಗಳು ಬೇಕು. ಒಂದರಲ್ಲಿ ಕಾರಿಗೆಂದೇ ಮಾಡಿದ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗವನ್ನು ಒರೆಸಿದ ಮೇಲೆ, ಬರಿಯ ನೀರಿನಲ್ಲಿ ಜಾಲಿಸಿ ಮರಳನ್ನು ಕಳೆದು, ಆಮೇಲೆ ಮತ್ತೆ ಶಾಂಪೂವಿಗೆ ಅದ್ದಬೇಕು. ಒಂದೇ ಬಕೆಟ್ ಆದರೆ ತೆಗೆದ ಮರಳನ್ನೇ ಮತ್ತೆ ಹಚ್ಚಿದಂತಾಗುತ್ತದೆ. ಚಾವಣಿಯ ಮೇಲಿದ್ದ ಅಷ್ಟಿಷ್ಟು ಗೀರು ಬಂದದ್ದು ಹಾಗೆ. ಆತನಿಗೆ ಇನ್ನೊಂದು ಬಕೆಟ್ ಕೊಡಬೇಕೆಂಬುದು ನನಗಾಗಲಿ ಬೀದಿಯವರಿಗಾಗಲಿ ಹೊಳೆದಿರಲಿಲ್ಲ. ಬಟ್ಟೆ ಒಗೆಯುವ ಪುಡಿ ಕೂಡದು, ಅದು ಮೇಣದ ಲೇಪವನ್ನೂ ತೆಗೆದುಹಾಕುತ್ತದೆ. ಚಕ್ರಗಳಿಗೆ ಕೊನೆಯ ಸರದಿ, ಅದಕ್ಕೆ ಬೇರೆ ಬಟ್ಟೆ.

ಹಕ್ಕಿಯ ಹಿಕ್ಕೆಯ ವಿಷಯವಾಗಿ ಎರಡು ಮಾತು ಹೇಳದಿರಲಾರೆ. ನಮ್ಮ ಗೇಟಿನ ಮುಂದಿನ ಹೊಂಗೆಯ ಮರ ನೆರಳನ್ನೂ ಕೊಡುತ್ತದೆ, ಇದನ್ನೂ ಕೊಡುತ್ತದೆ. ಅದರಲ್ಲಿ ಹುಳಿಯ ಅಂಶವಿರುವುದರಿಂದ ಬಿಸಿಲಿಗೆ ಕಾಯುತ್ತ ಬಿಟ್ಟರೆ ಲೇಪವನ್ನು ಕೊರೆಯುತ್ತದೆ. ಉಗುರಿನಿಂದ ಕೆರೆದರೆ ಇನ್ನೂ ಕೇಡು. ಒದ್ದೆ ಬಟ್ಟೆಯನ್ನು ಅದರ ಮೇಲೆ ಹೊದಿಸಿ ಐದು ನಿಮಿಷ ಬಿಟ್ಟು, ಮೆತ್ತಗಾದ ಮೇಲೆ ಮೆಲ್ಲನೆ ಎತ್ತಬೇಕು. ಕೊನೆಯಲ್ಲಿ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಹಾಸಿ, ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಚೊಂಬಿನ ನೀರೂ ಸೇರಿ ಎಲ್ಲಕ್ಕೂ ನಲವತ್ತೈದು ಲೀಟರಿಗಿಂತ ಹೆಚ್ಚು ಬೇಕಾಗುವುದಿಲ್ಲ. ನಾನು ಮಹಡಿಯ ಮೇಲಿನಿಂದ ಹಿಡಿದಿಟ್ಟ ಮಳೆನೀರನ್ನು ಬಳಸುತ್ತೇನೆ. ಚುಕ್ಕಿಯೂ ಬೀಳದು, ದಂಡವೂ ಇಲ್ಲ.

ಇಷ್ಟಾದ ಮೇಲೂ ಆತನನ್ನು ಹುಡುಕಿಕೊಂಡು ಹೋಗಲು ನನಗೆ ಒಂದು ತಿಂಗಳು ಬೇಕಾಯಿತು. ಆತ ಎರಡು ಬೀದಿ ಆಚೆಯ ದೊಡ್ಡ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ಕಾರುಗಳನ್ನು ತೊಳೆಯುತ್ತಿದ್ದ. ಬೆಳಕು ಸಾಲದ ಜಾಗ. ನಾನು ಹೇಳಬೇಕಾದುದನ್ನು ಹೇಳಿದೆ. ಆತ ಬಟ್ಟೆ ಹಿಂಡುತ್ತಲೇ ಕೇಳಿಸಿಕೊಂಡ.

“ನಂಗೆ ಗೊತ್ತಿತ್ತು ಮೇಷ್ಟ್ರೇ. ಸಾಯಂಕಾಲ ನೀವು ಪಂಚೆ ಬಟ್ಟೇಲಿ ಒರೆಸೋದ ನೋಡಿದ್ದೆ.”

“ಹಾಗಾದರೆ ಆವತ್ತೇ ಹೇಳಬಾರದಾಗಿತ್ತೇನಪ್ಪ?”

“ಹೇಳಿದ್ರೆ ನೀವು ಕೇಳ್ತಿದ್ರಾ?”

ಹತ್ತು ದಿನದ ಹಣವನ್ನು ಕೊಟ್ಟೆ. ಎಣಿಸಿ ಜೇಬಿಗಿಟ್ಟುಕೊಂಡ. ಅದರ ಜೊತೆಗೆ ಒಯ್ದಿದ್ದ ಹೊಸ ಬಕೆಟ್ಟನ್ನು ಮಾತ್ರ ಸ್ವಲ್ಪ ಹೊತ್ತು ಅನುಮಾನದಿಂದ ನೋಡಿದ. ಅದೇಕೆಂದು ವಿವರಿಸಿದ ಮೇಲೆ, ಇಪ್ಪತ್ತು ಕಾರಿಗೆ ಇಲ್ಲಿ ಸಿಗುವುದೇ ನಾಲ್ಕು ಬಕೆಟ್ ನೀರು, ಎರಡನೆಯದಕ್ಕೆ ನೀರೆಲ್ಲಿಂದ ತರಲಿ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಬಕೆಟ್ಟನ್ನು ಅಲ್ಲಿಯೇ ಬಿಟ್ಟು ಬಂದೆ.

ಈಗ ಭಾನುವಾರ ಬೆಳಗ್ಗೆ ಕಾರಿನ ಕೆಳಭಾಗವನ್ನು ನಾನು ತೊಳೆಯುತ್ತೇನೆ. ಚಾವಣಿಗೆ ಆತ ಬರುತ್ತಾನೆ.